ಹಳೆಯ ಸನ್ ಫಿಲ್ಮ್ ತೆಗೆಯುವುದು: ಯಾವ ಗಾಜಿಗೆ ಯಾವ ವಿಧಾನ

ಹಿಂಬದಿಯ ಗಾಜಿನಲ್ಲಿ ನೋಡಿದಾಗ ಹಿಂದೆ ಬರುತ್ತಿರುವ ಬಸ್ಸು ನೇರಳೆ ಬಣ್ಣದ ನೀರಿನೊಳಗೆ ತೇಲಿಕೊಂಡು ಬರುತ್ತಿರುವಂತೆ ಕಂಡರೆ, ಆ ಕಾರಿನ ಸನ್ ಫಿಲ್ಮ್‌ನ ಆಯುಷ್ಯ ಮುಗಿದಿದೆ ಎಂದೇ ತಿಳಿಯಬೇಕು. ಹಗಲಿನಲ್ಲಿ ಅದು ಬರಿಯ ಕಿರಿಕಿರಿ. ಆದರೆ ಮಳೆಗಾಲದ ರಾತ್ರಿ ಪಡುಬಿದ್ರಿಯಿಂದ ಮೂಲ್ಕಿಯ ಕಡೆಗೆ ಹೆದ್ದಾರಿಯಲ್ಲಿ ಬರುವಾಗ, ಫಿಲ್ಮಿನ ಒಂದೊಂದು ಗುಳ್ಳೆಯೂ ಹಿಂದಿನ ವಾಹನದ ದೀಪವನ್ನು ಚೂರುಚೂರು ಮಾಡಿ ಕಣ್ಣಿಗೆ ಎರಚುತ್ತದೆ. ಹಿಂದಿರುವುದು ಒಂದು ಲಾರಿಯೋ ಎರಡು ಬೈಕುಗಳೋ ಎಂಬುದು ತಿಳಿಯದೆ ಹೋಗುತ್ತದೆ. ಇಂತಹ ಫಿಲ್ಮನ್ನು ತೆಗೆಯಲೇಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹೇಗೆ ತೆಗೆಯಬೇಕು ಎಂಬಲ್ಲಿ ಮಾತ್ರ ನೂರು ಸಲಹೆಗಳು ಸಿಗುತ್ತವೆ, ಅವುಗಳಲ್ಲಿ ಕೆಲವು ಗಾಜನ್ನೇ ಕೆಡಿಸುತ್ತವೆ.

ನನ್ನ ಬಳಿ ಇರುವ ಕಾರು ದೊಡ್ಡಪ್ಪನಿಂದ ಬಂದದ್ದು. 2010ರಲ್ಲಿ ಉಡುಪಿಯಲ್ಲಿ ಕಾರು ಕೊಂಡ ವಾರವೇ ಅವರು ನಾಲ್ಕು ಬಾಗಿಲುಗಳ ಗಾಜಿಗೂ ಹಿಂಬದಿಯ ಗಾಜಿಗೂ ಕಪ್ಪು ಫಿಲ್ಮ್ ಹಾಕಿಸಿದ್ದರು. ಎರಡು ವರ್ಷದ ಬಳಿಕ ಮುಂದಿನ ಎರಡು ಬಾಗಿಲುಗಳದ್ದನ್ನು ತೆಗೆಸಿದಾಗ ಅದು ಬಾಳೆಹಣ್ಣಿನ ಸಿಪ್ಪೆಯಂತೆ ಬಂತು ಎಂದು ಅವರು ಈಗಲೂ ಹೇಳುತ್ತಾರೆ. ಹಿಂದಿನ ಮೂರು ಗಾಜುಗಳ ಫಿಲ್ಮ್ ಹಾಗೆಯೇ ಉಳಿದು, ಹದಿಮೂರು ವರ್ಷ ತುಂಬಿದ ಮೇಲೆ ನನ್ನ ಪಾಲಿಗೆ ಬಂತು. ಅದೇ ಫಿಲ್ಮ್, ಅದೇ ಅಂಗಡಿಯ ಕೆಲಸ, ಅದೇ ಕಾರು. ಆದರೂ ಎರಡು ವರ್ಷದಲ್ಲಿ ಸಿಪ್ಪೆಯಂತೆ ಬಂದದ್ದು ಹದಿಮೂರು ವರ್ಷದಲ್ಲಿ ಹಪ್ಪಳದಂತೆ ಪುಡಿಯಾಯಿತು. ಈ ವ್ಯತ್ಯಾಸ ಯಾಕೆ ಎಂಬುದು ಅರ್ಥವಾದರೆ ವಿಧಾನದ ಆಯ್ಕೆ ಅರ್ಧ ಮುಗಿದಂತೆ.

ಸನ್ ಫಿಲ್ಮ್ ಎಂಬುದು ತೆಳುವಾದ ಪಾಲಿಯೆಸ್ಟರ್ ಹಾಳೆಗಳ ಜೋಡಣೆ. ಗಾಜಿನ ಒಳಮೈಗೆ ಅದನ್ನು ಹಿಡಿದಿಡುವುದು ಒಂದು ಅಂಟಿನ ಪದರ. ಅಗ್ಗದ ಫಿಲ್ಮುಗಳಲ್ಲಿ ಕಪ್ಪು ಬಣ್ಣ ಬರುವುದು ಹಲವು ಬಣ್ಣದ್ರವ್ಯಗಳ ಮಿಶ್ರಣದಿಂದ. ಬಿಸಿಲಿಗೆ ಅವೆಲ್ಲವೂ ಒಂದೇ ವೇಗದಲ್ಲಿ ಮಾಸುವುದಿಲ್ಲವಾದ್ದರಿಂದ ಕೊನೆಗೆ ಕೆಂಪು-ನೇರಳೆ ಛಾಯೆ ಮಾತ್ರ ಉಳಿಯುತ್ತದೆ. ಬಣ್ಣ ಮಾಸುವ ಹೊತ್ತಿಗೆ ಅಂಟೂ ಹಳತಾಗಿ, ಕೆಲವು ಕಡೆ ಹಿಡಿತ ಬಿಟ್ಟು ಗುಳ್ಳೆಯಾಗುತ್ತದೆ, ಕೆಲವು ಕಡೆ ಒಣಗಿ ಗಾಜನ್ನೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ನಾವು ಗುದ್ದಾಡಬೇಕಾದದ್ದು ಫಿಲ್ಮಿನೊಂದಿಗೆ ಅಲ್ಲ, ಅಂಟಿನೊಂದಿಗೆ. ಫಿಲ್ಮನ್ನು ಕಿತ್ತು ಬಿಸಾಡುವುದಷ್ಟೇ ಕೆಲಸ ಎಂದು ತಿಳಿದವರು ಹತ್ತು ನಿಮಿಷದಲ್ಲಿ ಫಿಲ್ಮ್ ಕಿತ್ತು, ಗಾಜಿನ ಮೇಲೆ ಉಳಿದ ಅಂಟನ್ನು ಮೂರು ದಿನ ಉಜ್ಜುತ್ತಾರೆ. ಫಿಲ್ಮ್ ಬರುವಾಗಲೇ ಅಂಟನ್ನೂ ಜೊತೆಯಲ್ಲಿ ಎತ್ತಿಕೊಂಡು ಬರುವ ವಿಧಾನವೇ ಒಳ್ಳೆಯ ವಿಧಾನ.

ಕಾನೂನಿನ ವಿಷಯವನ್ನು ಇಲ್ಲಿ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜುಗಳು ಕನಿಷ್ಠ 70 ಶೇಕಡಾ, ಪಕ್ಕದ ಗಾಜುಗಳು ಕನಿಷ್ಠ 50 ಶೇಕಡಾ ಬೆಳಕನ್ನು ಒಳಬಿಡಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು; ದೊಡ್ಡಪ್ಪ ಮುಂದಿನ ಗಾಜುಗಳ ಫಿಲ್ಮ್ ತೆಗೆಸಿದ್ದು ಆಗಲೇ. ನಿಯಮಕ್ಕೆ ಆಮೇಲೆ ತಿದ್ದುಪಡಿಯಾಯಿತು. ಅದನ್ನು ಆಧರಿಸಿ, ನಿಗದಿತ ಬೆಳಕಿನ ಮಿತಿಯನ್ನು ಪಾಲಿಸುವ ಫಿಲ್ಮಿಗೆ ಅಡ್ಡಿಯಿಲ್ಲ ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದಾಗ, ಗಡಿಯ ತಲಪಾಡಿಯ ಆಚೆಗೂ ಈಚೆಗೂ ಓಡಾಡುವ ನಮ್ಮವರು ಹಲವರು ಇನ್ನು ಹಳೆಯ ಫಿಲ್ಮ್ ತೆಗೆಯಬೇಕಾಗಿಲ್ಲ ಎಂದುಕೊಂಡರು. ಆ ತೀರ್ಪು ಮಿತಿಯೊಳಗಿನ ಫಿಲ್ಮನ್ನು ಕುರಿತದ್ದು. ಹಿಂದೆ ಅಂಟಿಸಿದ ಕಡುಕಪ್ಪು ಫಿಲ್ಮ್ ಆ ಮಿತಿಗೆ ಹೊಂದುವುದಿಲ್ಲ, ಗುಳ್ಳೆ ಎದ್ದ ಗಾಜಿನಿಂದ ರಸ್ತೆಯೂ ಕಾಣುವುದಿಲ್ಲ.

ಕೆಲಸ ಆರಂಭಿಸುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬೇಕು. ಹಿಂದಿನ ಬಾಗಿಲಿನ ಗಾಜನ್ನು ಎರಡು ಇಂಚು ಇಳಿಸಿ, ಮೇಲಿನ ಮೂಲೆಯಲ್ಲಿ ಫಿಲ್ಮಿನ ಅಂಚನ್ನು ಉಗುರಿನಿಂದ ಎಬ್ಬಿಸಿ, ಒಂದು ಅಂಗುಲದಷ್ಟು ಮೆಲ್ಲಗೆ ಎಳೆದು ನೋಡಬೇಕು. ಅದರಡಿಯ ಗಾಜು ಮುಟ್ಟಿದಾಗ ನುಣ್ಣಗಿದ್ದರೆ ಅಂಟು ಫಿಲ್ಮಿನೊಂದಿಗೇ ಬರುತ್ತಿದೆ ಎಂದರ್ಥ. ಅಂತಹ ಫಿಲ್ಮಿಗೆ ಯಾವ ವಿಧಾನವೂ ಆಗುತ್ತದೆ. ಬೆರಳಿಗೆ ಜಿಗುಟು ಹತ್ತಿದರೆ ಸಾಬೂನು ನೀರು ಮತ್ತು ತಾಳ್ಮೆ ಸಾಕು. ಎಳೆದ ಕೂಡಲೇ ಫಿಲ್ಮ್ ಎರಡು ಪದರಗಳಾಗಿ ಸೀಳಿ, ಪಾರದರ್ಶಕವಾದ ಒಂದು ಪೊರೆ ಗಾಜಿನ ಮೇಲೆಯೇ ನಿಂತರೆ ಅಥವಾ ಅಂಚು ಚೂರುಚೂರಾಗಿ ಉದುರಿದರೆ, ಬಿಸಿಯಿಲ್ಲದೆ ಕೆಲಸ ಸುಲಭವಾಗದು. ನನ್ನ ಕಾರಿನದು ಈ ಮೂರನೆಯ ಜಾತಿಯದಾಗಿತ್ತು.

ಪಕ್ಕದ ಗಾಜುಗಳು

ಪಕ್ಕದ ಗಾಜಿನಲ್ಲಿ ಗೆರೆಗಳಾಗಲಿ ತಂತಿಗಳಾಗಲಿ ಇರುವುದಿಲ್ಲವಾದ್ದರಿಂದ ಇಲ್ಲಿ ಆಯ್ಕೆಗೆ ಹೆಚ್ಚು ಅವಕಾಶವಿದೆ. ನಾನು ಎಡಬದಿಯ ಹಿಂದಿನ ಬಾಗಿಲಿಗೆ ಸಾಬೂನು ನೀರನ್ನೂ ಬಲಬದಿಯದಕ್ಕೆ ಹಬೆಯನ್ನೂ ಬಳಸಿದೆ. ಎರಡನ್ನೂ ಹೋಲಿಸಿ ನೋಡಲು ಬೇಕೆಂದೇ ಹಾಗೆ ಮಾಡಿದ್ದು.

ಸಾಬೂನು ನೀರಿನ ವಿಧಾನಕ್ಕೆ ಖರ್ಚೇ ಇಲ್ಲ ಎನ್ನಬಹುದು. ಸ್ಪ್ರೇ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿಗಳನ್ನು ಬೆರೆಸಬೇಕು. ಪಾಲಿಯೆಸ್ಟರ್ ಹಾಳೆ ನೀರನ್ನು ಸುಲಭವಾಗಿ ಒಳಬಿಡುವುದಿಲ್ಲ, ಹಾಗಾಗಿ ಹೊರಪದರವನ್ನು ಮೊದಲು ಕಿತ್ತು, ಉಳಿದ ಅಂಟಿನ ಪೊರೆಯ ಮೇಲೆ ಈ ನೀರನ್ನು ಧಾರಾಳವಾಗಿ ಸಿಂಪಡಿಸಿ, ಅದರ ಮೇಲೆ ಹಳೆಯ ದಿನಪತ್ರಿಕೆಯ ಹಾಳೆಯನ್ನು ಅಂಟಿಸಿಬಿಡಬೇಕು. ಹಾಳೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಂಟು ನೆನೆಯಲು ಸಮಯ ಸಿಗುತ್ತದೆ. ಅರ್ಧ ಗಂಟೆಗೊಮ್ಮೆ ಮತ್ತೆ ಸಿಂಪಡಿಸುತ್ತಾ ಒಂದು ಗಂಟೆ ಬಿಟ್ಟು ನೋಡಿದರೆ ಕಂದು ಬಣ್ಣದ ಅಂಟು ಬೆಳ್ಳಗಾಗಿ, ಅಕ್ಕಿಹಿಟ್ಟಿನ ಗಂಜಿಯಂತೆ ಮೆದುವಾಗಿರುತ್ತದೆ. ಆಗ ಹೊಸ ಬ್ಲೇಡನ್ನು ಹಿಡಿಕೆಗೆ ಸಿಕ್ಕಿಸಿ, ಗಾಜಿಗೆ ಓರೆಯಾಗಿ ಹಿಡಿದು, ಒಂದೇ ದಿಕ್ಕಿನಲ್ಲಿ ತಳ್ಳುತ್ತಾ ಹೋಗಬೇಕು. ಹಿಂದಕ್ಕೂ ಮುಂದಕ್ಕೂ ಕೆರೆದರೆ ಬ್ಲೇಡಿನಡಿ ಸಿಕ್ಕಿದ ಮರಳಿನ ಕಣ ಗಾಜಿಗೆ ಗೀರು ಬರೆಯುತ್ತದೆ. ಕಡಲತೀರದ ಊರಿನಲ್ಲಿ ಕಾರಿನೊಳಗೆ ಮರಳಿಗೆ ಬರವಿಲ್ಲ, ಆದ್ದರಿಂದ ಗಾಜನ್ನು ಮೊದಲೇ ತೊಳೆದುಕೊಳ್ಳುವುದನ್ನು ಮರೆಯಬಾರದು. ಒಣಗಿದ ಗಾಜಿನ ಮೇಲೆ ಬ್ಲೇಡನ್ನು ಎಂದಿಗೂ ಓಡಿಸಬಾರದು.

ಈ ವಿಧಾನದ ನಿಜವಾದ ಅಪಾಯ ಗಾಜಿಗಲ್ಲ, ಬಾಗಿಲಿಗೆ. ಸಿಂಪಡಿಸಿದ ನೀರೆಲ್ಲ ಇಳಿದು ರಬ್ಬರ್ ಬೀಡಿಂಗ್‌ನ ಸಂದಿಯಿಂದ ಬಾಗಿಲಿನೊಳಗೆ ಹೋಗುತ್ತದೆ, ಅಲ್ಲಿ ಗಾಜು ಏರಿಸಿಳಿಸುವ ಮೋಟಾರು ಮತ್ತು ಸ್ಪೀಕರ್ ಇರುತ್ತವೆ. ಮಳೆನೀರು ಇಳಿದು ಹೋಗಲು ಬಾಗಿಲಿನ ತಳದಲ್ಲಿ ರಂಧ್ರಗಳಿದ್ದರೂ, ಒಳಬದಿಯ ಸ್ವಿಚ್ಚುಗಳಿಗೆ ಆ ರಕ್ಷಣೆಯಿಲ್ಲ. ಒಂದು ದಪ್ಪನೆಯ ಬೈರಾಸನ್ನು (ಟವೆಲ್) ಮಡಚಿ ಸಂದಿಗೆ ತುರುಕಿ, ಸ್ವಿಚ್ಚುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದೆಸಿ ಟೇಪು ಹಾಕಿದರೆ ನಿಶ್ಚಿಂತೆ. ಎಡಬದಿಯ ಬಾಗಿಲಿಗೆ ಎಲ್ಲ ಸೇರಿ ಎರಡೂವರೆ ಗಂಟೆ ಹಿಡಿಯಿತು, ಎರಡು ಬೈರಾಸು ಒದ್ದೆಯಾದವು.

ಬಲಬದಿಗೆ ಬಟ್ಟೆಗೆ ಹಿಡಿಯುವ ಕೈ ಸ್ಟೀಮರ್ ಬಳಸಿದೆ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಈ ಸಾಧನ ಈಗ ಹಲವು ಮನೆಗಳಲ್ಲಿ ಇದೆ. ಹಬೆಯ ಬಾಯನ್ನು ಗಾಜಿನಿಂದ ಒಂದೆರಡು ಅಂಗುಲ ದೂರದಲ್ಲಿಟ್ಟು, ಮೇಲಿನ ಮೂಲೆಯಿಂದ ಆರಂಭಿಸಿ, ಅಂಗೈಯಗಲದ ಜಾಗಕ್ಕೆ ಅರ್ಧ ನಿಮಿಷ ಹಬೆ ಕೊಡಬೇಕು. ಅಂಚು ತಾನಾಗಿ ಸ್ವಲ್ಪ ಸುರುಳಿಯಾಗುತ್ತದೆ. ಅದನ್ನು ಹಿಡಿದು, ಕೆಳಗಿನ ಕಡೆಗೆ, ಗಾಜಿಗೆ ಆದಷ್ಟು ಹತ್ತಿರದಲ್ಲೇ ಎಳೆಯುತ್ತಾ, ಕೈಗಿಂತ ಹಬೆ ಮುಂದೆ ಇರುವಂತೆ ನೋಡಿಕೊಳ್ಳಬೇಕು. ಎಳೆಯುವ ವೇಗದಲ್ಲೇ ಎಲ್ಲವೂ ಇದೆ. ಬೇಗ ಎಳೆದರೆ ಫಿಲ್ಮ್ ಹರಿದು ಅಂಟು ಗಾಜಿನಲ್ಲೇ ಉಳಿಯುತ್ತದೆ. ಮೆಲ್ಲಗೆ ಎಳೆದರೆ ಫಿಲ್ಮ್ ಮತ್ತು ಗಾಜಿನ ನಡುವೆ ಅಂಟಿನ ಎಳೆಗಳು ಹಲಸಿನ ಮೇಣದಂತೆ ಉದ್ದಕ್ಕೆ ಎಳೆದುಕೊಂಡು, ಗಾಜಿನಿಂದ ಒಂದೊಂದಾಗಿ ಬಿಟ್ಟು, ಫಿಲ್ಮಿನ ಕಡೆಗೆ ಸೇರುವುದನ್ನು ಕಣ್ಣಾರೆ ಕಾಣಬಹುದು. ಎಡಬದಿಯಲ್ಲಿ ಚೂರುಚೂರಾಗಿ ಬಂದ ಅದೇ ಹಳೆಯ ಫಿಲ್ಮ್ ಬಲಬದಿಯಲ್ಲಿ ಎರಡು ದೊಡ್ಡ ತುಂಡುಗಳಾಗಿ ಇಪ್ಪತ್ತು ನಿಮಿಷದಲ್ಲಿ ಬಂತು. ಮೂಲೆಗಳಲ್ಲಿ ಉಳಿದ ಸ್ವಲ್ಪ ಅಂಟಿಗೆ ಮಾತ್ರ ಸಾಬೂನು ನೀರು ಬೇಕಾಯಿತು. ಹಬೆಗೆ ಕೈ ಸುಡುತ್ತದೆ ಎಂಬುದನ್ನು ಹೇಳಬೇಕಾಗಿಲ್ಲವಾದರೂ, ಎಳೆಯುವ ಕೈಗೆ ದಪ್ಪನೆಯ ಗ್ಲೌಸ್ ಇಲ್ಲದೆ ಆರಂಭಿಸಬೇಡಿ ಎಂದು ಒತ್ತಿ ಹೇಳುತ್ತೇನೆ.

ಹೇರ್ ಡ್ರೈಯರ್ ಕೂಡ ಇದೇ ಕೆಲಸವನ್ನು ಮಾಡುತ್ತದೆ, ಆದರೆ ನಿಧಾನ. ಸ್ಟೀಮರ್ ಇಲ್ಲದವರು ಅದನ್ನು ಧೈರ್ಯವಾಗಿ ಬಳಸಬಹುದು. ಹೀಟ್ ಗನ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅದರ ಗಾಳಿ ಹಲವು ನೂರು ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುತ್ತದೆ. ಹಬೆಯಂತೆ ನೂರರ ಹತ್ತಿರ ನಿಲ್ಲುವುದಿಲ್ಲ. ಕೈ ಒಂದೇ ಕಡೆ ನಿಂತರೆ ಫಿಲ್ಮ್ ಕರಗಿ ಗಾಜಿಗೇ ಅಂಟಿಕೊಳ್ಳುತ್ತದೆ, ಬೀಡಿಂಗ್ ಮುದುಡುತ್ತದೆ, ಬಾಗಿಲಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಮುಂದಿನ ಗಾಜಿಗೆ ಒಂದೇ ಕಡೆ ಅಷ್ಟು ಬಿಸಿ ಬಿದ್ದರೆ ಅದು ಬಿರುಕು ಬಿಡಲೂಬಹುದು. ಪಳಗಿದ ಕೈಗಳಿಗೆ ಅದು ಒಳ್ಳೆಯ ಸಾಧನವೇ. ವರ್ಷಕ್ಕೊಮ್ಮೆ ಕಾರಿನ ಕೆಲಸ ಮಾಡುವವರ ಕೈಗೆ ಅದು ಬೇಡ.

ಬಿಸಿಲು ಮತ್ತು ಅಮೋನಿಯ

ಕಪ್ಪು ಕಸದ ಚೀಲವನ್ನು ಗಾಜಿನ ಆಕಾರಕ್ಕೆ ಕತ್ತರಿಸಿ, ಹೊರಗಿನಿಂದ ಸಾಬೂನು ನೀರಿನಲ್ಲಿ ಅಂಟಿಸಿ, ಒಳಗಿನಿಂದ ಫಿಲ್ಮಿನ ಮೇಲೆ ಅಮೋನಿಯ ದ್ರಾವಣ ಸಿಂಪಡಿಸಿ, ಅದರ ಮೇಲೆ ಇನ್ನೊಂದು ಕಪ್ಪು ಹಾಳೆ ಹೊದೆಸಿ, ಕಾರನ್ನು ಬಿಸಿಲಿನಲ್ಲಿ ನಿಲ್ಲಿಸುವ ವಿಧಾನವನ್ನು ಹಲವರು ಹೊಗಳುತ್ತಾರೆ. ಕಪ್ಪು ಹಾಳೆ ಬಿಸಿಲನ್ನು ಹೀರಿ ಗಾಜನ್ನು ಕಾಯಿಸುತ್ತದೆ, ಅಮೋನಿಯ ಅಂಟನ್ನು ಸಡಿಲಿಸುತ್ತದೆ. ತತ್ವದಲ್ಲಿ ತಪ್ಪಿಲ್ಲ, ಫಲವೂ ಸಿಗುತ್ತದೆ. ಆದರೂ ನಮ್ಮ ಊರಿಗೆ ಇದನ್ನು ನಾನು ಹೇಳಲಾರೆ.

ಅಮೋನಿಯದ ವಾಸನೆ ಎಂತಹದು ಎಂಬುದು ಐಸ್ ಪ್ಲಾಂಟುಗಳಲ್ಲಿ ದುಡಿದವರಿಗೆ ಗೊತ್ತು. ಮುಚ್ಚಿದ ಕಾರಿನೊಳಗೆ ಆ ಆವಿ ಕಣ್ಣು, ಮೂಗು, ಎದೆಯನ್ನು ಒಮ್ಮೆಲೇ ಹಿಡಿಯುತ್ತದೆ. ಬಾಗಿಲು ತೆರೆದಿಟ್ಟು, ಕನ್ನಡಕ ಮತ್ತು ಗ್ಲೌಸ್ ತೊಟ್ಟು, ಸೀಟು ಮತ್ತು ಡ್ಯಾಶ್‌ಬೋರ್ಡನ್ನು ಪೂರ್ತಿ ಮುಚ್ಚಿ ಮಾಡಬೇಕಾದ ಕೆಲಸ ಅದು. ಸುರತ್ಕಲ್‌ನಲ್ಲಿರುವ ನನ್ನ ಭಾವ ಮುಚ್ಚುವುದರಲ್ಲಿ ಸ್ವಲ್ಪ ಉದಾಸೀನ ಮಾಡಿದ್ದರಿಂದ ಬಾಗಿಲಿನ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ಕಲೆಗಳು ನಿಂತವು, ಅಕ್ಕ ಎರಡು ವಾರ ಆ ಕಾರಿನಲ್ಲಿ ಕೂರಲು ಒಪ್ಪಲಿಲ್ಲ. ಬ್ಲೀಚಿಂಗ್ ದ್ರಾವಣದಿಂದ ಒರೆಸಿದ ಜಾಗಕ್ಕೆ ಅಮೋನಿಯ ತಗಲಿದರಂತೂ ವಿಷಾನಿಲವೇ ಹುಟ್ಟುತ್ತದೆ. ಮಕ್ಕಳು, ಉಬ್ಬಸದ ತೊಂದರೆಯುಳ್ಳವರು ಇರುವ ಮನೆಯಲ್ಲಿ ಇದರ ಯೋಚನೆಯೇ ಬೇಡ.

ಇನ್ನು ಬಿಸಿಲಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಂಬಿಕೊಂಡು ಕೂರಲು ನಮ್ಮಲ್ಲಿ ಬಿಸಿಲೇ ಇಲ್ಲ. ಅಮೋನಿಯ ಬಿಟ್ಟು ಬರಿಯ ಕಪ್ಪು ಚೀಲ, ಸಾಬೂನು ನೀರು ಮತ್ತು ಬಿಸಿಲನ್ನು ಬಳಸುವುದಾದರೆ ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನ ಅದಕ್ಕೆ ತಕ್ಕ ಹೊತ್ತು, ಪಕ್ಕದ ಗಾಜುಗಳಿಗೆ ಅದು ಸಾಕಾಗುತ್ತದೆ. ಯಾವ ವಿಧಾನವಾದರೂ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ಆಚರಣೆಗೆ, ಮುನ್ನ ಮುಗಿಸಿಕೊಳ್ಳುವುದು ಒಳ್ಳೆಯದು. ಹಬೆಯಿಂದಲೋ ನೀರಿನಿಂದಲೋ ಒದ್ದೆಯಾದ ಸೀಟಿನ ಬಟ್ಟೆ ಮಳೆಗಾಲದಲ್ಲಿ ಒಣಗುವುದಿಲ್ಲ. ನಾಲ್ಕನೆಯ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಜೋರು ಮಳೆಯ ತುಳು ತಿಂಗಳಾದ ಆಟಿಯಲ್ಲಿ ಮಾಡಲೇಬೇಕಾಗಿ ಬಂದರೆ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಏಸಿ ಹಾಕಿ ಒಳಗಿನ ತೇವವನ್ನು ಹೊರಗೆ ಹಾಕಬೇಕು.

ಹಿಂಬದಿಯ ಗಾಜು

ಹಿಂದಿನ ಗಾಜಿನ ಒಳಮೈಯಲ್ಲಿ ಅಡ್ಡಡ್ಡವಾಗಿ ಕಾಣುವ ಕಂದು ಗೆರೆಗಳೇ ಡಿಫಾಗರ್, ಅಂದರೆ ವಿದ್ಯುತ್ತಿನಿಂದ ಬಿಸಿಯಾಗಿ ಗಾಜಿನ ಮಂಜನ್ನು ಕಳೆಯುವ ಏರ್ಪಾಡು. ಬೆಳ್ಳಿಯ ಅಂಶವುಳ್ಳ ಲೇಪವನ್ನು ಗಾಜಿನ ಮೇಲೆ ಅಚ್ಚೊತ್ತಿ ಸುಟ್ಟು ಕೂರಿಸಿದ ಈ ಗೆರೆಗಳು ಗಾಜಿನ ಒಳಗಿರದೆ ಮೇಲ್ಮೈಯಲ್ಲಿರುತ್ತವೆ, ಫಿಲ್ಮಿನ ಅಂಟು ನೇರವಾಗಿ ಇವುಗಳ ಮೇಲೆಯೇ ಕೂತಿರುತ್ತದೆ. ಕೆಲವು ಕಾರುಗಳಲ್ಲಿ ರೇಡಿಯೋದ ಆಂಟೆನಾ ಗೆರೆಯೂ ಇಲ್ಲಿಯೇ ಇರುತ್ತದೆ. ಬ್ಲೇಡು ಒಮ್ಮೆ ಅಡ್ಡ ಹಾಯ್ದರೆ ಸಾಕು, ಗೆರೆ ಕತ್ತರಿಸಿ ಹೋಗುತ್ತದೆ, ಆ ಗೆರೆಯಲ್ಲಿ ಮತ್ತೆ ವಿದ್ಯುತ್ ಹರಿಯುವುದಿಲ್ಲ. ಪಕ್ಕದ ಗಾಜಿಗೆ ಆಗುವ ವಿಧಾನ ಇಲ್ಲಿಗೆ ಆಗದಿರುವುದು ಇದೇ ಕಾರಣಕ್ಕೆ.

ನಾನು ಇದನ್ನು ಕಲಿತದ್ದು ನಷ್ಟದಿಂದ. ಎಲ್ಲಕ್ಕಿಂತ ಮೊದಲು ಹಿಂಬದಿಯ ಗಾಜನ್ನು ಮಂಗಳೂರಿನ ಒಂದು ಅಂಗಡಿಗೆ ಒಪ್ಪಿಸಿದ್ದೆ. ಕೆಲಸದ ಹುಡುಗ ಫಿಲ್ಮಿನ ಮೇಲರ್ಧವನ್ನು ಒಣಗಿದಂತೆಯೇ ಕಿತ್ತು, ಉಳಿದ ಅಂಟಿಗೆ ಥಿನ್ನರ್ ಒರೆಸಿ, ಬ್ಲೇಡು ಹಾಕಿ ಕೆರೆಯತೊಡಗಿದ. “ಗೆರೆಗೆ ಏನೂ ಆಗುವುದಿಲ್ಲ ಸರ್, ಐದು ನಿಮಿಷದಲ್ಲಿ ಮುಗಿಯುತ್ತದೆ” ಎಂದ. ಬ್ಲೇಡಿನ ತುದಿಯಲ್ಲಿ ಕಂದು ಪುಡಿ ಕಂಡು ನಾನು ನಿಲ್ಲಿಸುವಷ್ಟರಲ್ಲಿ ಮೇಲಿನ ಮೂರು ಗೆರೆಗಳು ತುಂಡಾಗಿದ್ದವು. ಕೂಲಿ ಕೊಟ್ಟು, ಅರ್ಧ ಫಿಲ್ಮಿನ ಕಾರನ್ನು ಮನೆಗೆ ತಂದೆ. ಕೆಳಗಿನ ಅರ್ಧವನ್ನು ಹಬೆಯಿಂದ ತೆಗೆದೆ. ಒಂದೇ ಗಾಜಿನಲ್ಲಿ ಎರಡು ವಿಧಾನಗಳ ಫಲ ಅಕ್ಕಪಕ್ಕದಲ್ಲಿ ಕಾಣುತ್ತದೆ: ಮೇಲೆ ಮೂರು ಗೆರೆ ಹೋಗಿವೆ, ಕೆಳಗೆ ಒಂದೂ ಹೋಗಿಲ್ಲ.

ಹಿಂಬದಿಗೆ ಹಬೆ ಕೊಡುವಾಗ ಹೊರಗಿನಿಂದಲೂ ಗಾಜನ್ನು ಕಾಯಿಸಬಹುದು. ಒಬ್ಬರು ಹೊರಗೆ ಸ್ಟೀಮರ್ ಹಿಡಿದು ಇನ್ನೊಬ್ಬರು ಒಳಗೆ ಎಳೆದರೆ ಕೆಲಸ ಸುಲಭ. ಡಿಕ್ಕಿಯ ಬಾಗಿಲಿನಲ್ಲೇ ಗಾಜಿರುವ ನನ್ನಂತಹ ಕಾರುಗಳಲ್ಲಿ ಬಾಗಿಲು ಎತ್ತಿ ನಿಂತುಕೊಂಡೇ ಮಾಡಬಹುದು. ಸೆಡಾನ್‌ನಲ್ಲಿ ಹಿಂದಿನ ಸೀಟಿನ ಮೇಲೆ ಮುದುಡಿ ಕೂರಬೇಕಾಗುತ್ತದೆ, ಸ್ಪೀಕರಿರುವ ಹಿಂದಿನ ಹಲಗೆಯನ್ನು ಪ್ಲಾಸ್ಟಿಕ್ ಮತ್ತು ಬೈರಾಸಿನಿಂದ ಮುಚ್ಚಬೇಕಾಗುತ್ತದೆ. ಫಿಲ್ಮನ್ನು ಗೆರೆಗಳು ಓಡುವ ದಿಕ್ಕಿನಲ್ಲೇ, ಅಂದರೆ ಅಡ್ಡಕ್ಕೆ, ಆಮೆಯ ವೇಗದಲ್ಲಿ ಎಳೆಯಬೇಕು. ಎಲ್ಲಿ ಬಿಗಿಯೆನಿಸುತ್ತದೋ ಅಲ್ಲಿ ನಿಲ್ಲಿಸಿ ಮತ್ತೆ ಹಬೆ ಕೊಡಬೇಕು. ನನಗೆ ಅರ್ಧ ಗಾಜಿಗೇ ಒಂದು ಗಂಟೆ ಬೇಕಾಯಿತು. ಉಳಿದ ಅಂಟಿಗೆ ಲೋಹದ ಬ್ಲೇಡೂ ಬೇಡ, ಪಾತ್ರೆ ಉಜ್ಜುವ ಸ್ಟೀಲ್ ನಾರೂ ಬೇಡ. ಸಾಬೂನು ನೀರಿನಲ್ಲಿ ನೆನೆಸಿ, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಗೆರೆಯ ಉದ್ದಕ್ಕೂ ತಳ್ಳಿದರೆ ಬರುತ್ತದೆ. ಅದಕ್ಕೂ ಜಗ್ಗದ ಕಲೆಗಳಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೆತ್ತನೆಯ ಬಟ್ಟೆ ಸಾಕು. ಮನೆಯಲ್ಲಿ ಅಮ್ಮ ತೆಂಗಿನೆಣ್ಣೆ ಹಚ್ಚಿ ನೋಡು ಎಂದಿದ್ದರು. ಹಲಸಿನ ಮೇಣಕ್ಕೆ ಕೆಲಸ ಮಾಡುವ ಎಣ್ಣೆ ಇಲ್ಲಿಯೂ ಅಂಟನ್ನು ಮೆದು ಮಾಡಿತು, ಆದರೆ ಜಿಡ್ಡನ್ನು ತೆಗೆಯಲು ಗಾಜನ್ನು ಮೂರು ಸಲ ತೊಳೆಯಬೇಕಾಯಿತು. ಥಿನ್ನರ್ ಮತ್ತು ಪೆಟ್ರೋಲನ್ನು ಮಾತ್ರ ಕಾರಿನೊಳಗೆ ತರಲೇಬಾರದು. ಬೆಂಕಿಯ ಅಪಾಯವಿದೆ, ಪ್ಲಾಸ್ಟಿಕ್ ಕೂಡ ಕೆಡುತ್ತದೆ.

ಅಂಗಡಿಗೆ ಕೊಡಲೇಬಾರದು ಎಂದು ನಾನು ಹೇಳುತ್ತಿಲ್ಲ. ದಿನವೂ ಇದೇ ಕೆಲಸ ಮಾಡುವ ಒಳ್ಳೆಯ ಕೈಗಳು ಮಂಗಳೂರಿನಲ್ಲೂ ಉಡುಪಿ-ಮಣಿಪಾಲದಲ್ಲೂ ಇವೆ. ಸಮಯವಿಲ್ಲದವರಿಗೆ, ಸೊಂಟ ಬಗ್ಗಿಸಲಾಗದ ಹಿರಿಯರಿಗೆ ಅದೇ ಸರಿಯಾದ ದಾರಿ. ಆದರೆ ಕಾರು ಒಪ್ಪಿಸುವ ಮೊದಲು ಹಿಂಬದಿಯ ಗಾಜಿನ ಅಂಟನ್ನು ಯಾವುದರಿಂದ ತೆಗೆಯುತ್ತೀರಿ ಎಂದು ಕೇಳಬೇಕು. ಬ್ಲೇಡು ಎಂಬ ಉತ್ತರ ಬಂದರೆ ಪಕ್ಕದ ಗಾಜುಗಳನ್ನಷ್ಟೇ ಕೊಡಿ. ಹಬೆ ಎಂದರೆ ಡಿಫಾಗರ್ ಚಾಲೂ ಮಾಡಿ ಅವರೆದುರಿಗೇ ಗಾಜಿನ ಮೇಲೆ ಬಾಯಿಯ ಉಸಿರು ಊದಿ ತೋರಿಸಿ. ಮಂಜು ಯಾವ ಗೆರೆಯ ಸುತ್ತ ಮೊದಲು ಮಾಯವಾಗುತ್ತದೆ, ಯಾವುದರಲ್ಲಿ ನಿಲ್ಲುತ್ತದೆ ಎಂಬುದು ಇಬ್ಬರಿಗೂ ಕಾಣುತ್ತದೆ, ಕೆಲಸ ಮುಗಿದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರೆ ವಾದಕ್ಕೆ ಎಡೆಯಿರುವುದಿಲ್ಲ.

ಗೆರೆ ಹೋದರೆ ಗಾಜನ್ನೇ ಬದಲಿಸಬೇಕೆಂದಿಲ್ಲ. ಬೆಳ್ಳಿಯ ಅಂಶವಿರುವ, ವಿದ್ಯುತ್ ಹರಿಯುವ ಬಣ್ಣ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ತುಂಡಾದ ಜಾಗವನ್ನು ಹುಡುಕಲು ಮಲ್ಟಿಮೀಟರ್ ಬೇಕು: ಡಿಫಾಗರ್ ಚಾಲೂ ಇರುವಾಗ ಸರಿಯಿರುವ ಗೆರೆಯಲ್ಲಿ ವೋಲ್ಟೇಜ್ ಒಂದು ಬದಿಯ ಹನ್ನೆರಡರಿಂದ ಇನ್ನೊಂದು ಬದಿಯ ಸೊನ್ನೆಗೆ ಮೆಲ್ಲಮೆಲ್ಲಗೆ ಇಳಿಯುತ್ತದೆ, ನಡುವಿನಲ್ಲಿ ಆರರ ಹತ್ತಿರ ಇರುತ್ತದೆ, ತುಂಡಾದ ಗೆರೆಯಲ್ಲಿ ಅದು ಒಂದೇ ಜಾಗದಲ್ಲಿ ಹನ್ನೆರಡರಿಂದ ಸೊನ್ನೆಗೆ ಬೀಳುತ್ತದೆ. ಆ ಜಾಗದ ಮೇಲೂ ಕೆಳಗೂ ಟೇಪು ಅಂಟಿಸಿ, ಗೆರೆಯಷ್ಟೇ ಅಗಲದ ಸಂದಿ ಬಿಟ್ಟು, ಬಣ್ಣ ಹಚ್ಚಿ, ಒಂದು ದಿನ ಒಣಗಲು ಬಿಟ್ಟೆ. ಎರಡು ಗೆರೆಗಳು ಮತ್ತೆ ಬಿಸಿಯಾಗತೊಡಗಿದವು. ಮೇಲಿನಿಂದ ಎರಡನೆಯದು ನಾಲ್ಕು ಕಡೆ ಕತ್ತರಿಸಿತ್ತು, ಅದು ಒಪ್ಪಲಿಲ್ಲ. ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವಾಗ ಗಾಜಿಗೆ ಮಂಜು ಕವಿದರೆ ಡಿಫಾಗರ್ ಹಾಕುತ್ತೇನೆ. ಎರಡೇ ತಿರುವಿನಲ್ಲಿ ಉಳಿದ ಗಾಜೆಲ್ಲ ತಿಳಿಯಾಗಿ, ಆ ಒಂದು ಗೆರೆಯ ಜಾಗದಲ್ಲಿ ಮಾತ್ರ ಬೆರಳಗಲದ ಬಿಳಿಯ ಪಟ್ಟಿ ಉಳಿದಿರುತ್ತದೆ.